ಐಪಿ ನಕ್ಷೆಯಲ್ಲಿ ಕಾಣಿಸದ ಸತು

ಇತ್ತೀಚಿನ ಪರಿಶೀಲನಾ ಸಭೆಯೊಂದರಲ್ಲಿ ಐಪಿ ನಕ್ಷೆಯನ್ನು (ನೆಲಕ್ಕೆ ವಿದ್ಯುತ್ ಹರಿಸಿ ಅಡಿಯ ಶಿಲೆಗಳ ಪ್ರತಿಕ್ರಿಯೆ ಅಳೆಯುವ ಇಂಡ್ಯೂಸ್ಡ್ ಪೋಲರೈಸೇಶನ್ ಸರ್ವೆಯ ನಕ್ಷೆ, ಪ್ರತಿಕ್ರಿಯೆ ಹೆಚ್ಚಿರುವಲ್ಲಿ ಕೆಂಪು) ಮೇಜಿನ ಮೇಲೆ ಹರಡಿ, ಅದರಲ್ಲಿ ಅತ್ಯಂತ ಕೆಂಪಾಗಿ ಕಂಡ ಜಾಗಕ್ಕೇ ಮುಂದಿನ ಬೋರ್‌ಹೋಲ್ ಗುರುತು ಹಾಕಿದರು. ಅದನ್ನು ನೋಡಿದಾಗ ರಾಜಸ್ಥಾನದ ರಾಜಸಮಂದ್ ಜಿಲ್ಲೆಯಲ್ಲಿ ನಾವು ಕೊರೆದ ಒಂದು ಹೋಲ್ ನೆನಪಾಗಿ ಬಹಳ ಬೇಸರವಾಯಿತು. ಆ ಹೋಲ್ ತಿಳಿಸಿದ್ದೆಲ್ಲವೂ ಅದರ ಲಾಗ್‌ಶೀಟಿನಲ್ಲಿ, ಅಂದರೆ ಯಾವ ಆಳದಲ್ಲಿ ಯಾವ ಶಿಲೆ ಸಿಕ್ಕಿತೆಂಬ ದಾಖಲೆಯಲ್ಲಿ, ಇದೆ. ಆದರೆ ಸಭೆಗಳಿಗೆ ನಕ್ಷೆಗಳು ಬರುತ್ತವೆಯೇ ಹೊರತು ಲಾಗ್‌ಶೀಟುಗಳು ಬರುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದರೀಬಾದಿಂದ ಬೆಥುಮ್ನಿಯವರೆಗೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಉತ್ತರ–ದಕ್ಷಿಣವಾಗಿ ಹಬ್ಬಿರುವ ಸೀಸ–ಸತುವಿನ ಪಟ್ಟಿ ದೇಶದ ಹಳೆಯ ಗಣಿ ಪ್ರದೇಶಗಳಲ್ಲಿ ಒಂದು. ದರೀಬಾದ ಪ್ರಾಚೀನ ಗಣಿಯೊಳಗೆ ಸಿಕ್ಕ ಮರದ ಆಸರೆಗಳು ಸುಮಾರು 3000 ವರ್ಷ ಹಳೆಯವೆಂದು ಕಾಲನಿರ್ಣಯವಾಗಿದೆ. ಗುಡ್ಡದ ಮೇಲೆ ತುಕ್ಕು ಬಣ್ಣದ ಗಾಸನ್ (ಅದಿರಿನ ಮೇಲ್ಭಾಗ ಗಾಳಿ-ನೀರಿಗೆ ಶಿಥಿಲವಾಗಿ ಉಳಿದ ಕಲ್ಲು) ಎದ್ದು ಕಂಡ ಕಡೆಯಲ್ಲೆಲ್ಲ ಹಿಂದಿನವರು ಅಗೆದು ನೋಡಿದ್ದಾರೆ. ಆದರೆ ಅದೇ ಪಟ್ಟಿಯ ಸಿಂದೇಸರ್ ಖುರ್ದ್ ನಿಕ್ಷೇಪ ಮೇಲ್ಮೈಯಲ್ಲಿ ಹೇಳಿಕೊಳ್ಳುವಂಥ ಗುರುತು ಬಿಡದೆ ನೆಲದಡಿ ಅಡಗಿತ್ತು, ಇಂದು ಅದು ದೊಡ್ಡ ಭೂಗತ ಗಣಿ. ಹಳೆಯ ಗಣಿಗಳ ಸುತ್ತ ಇಂದಿಗೂ ಪರಿಶೋಧನೆ ನಡೆಸಲು ಇಂಥ ಅಡಗಿದ ಅದಿರಿನ ಆಸೆಯೇ ಕಾರಣ. ಕಣ್ಣಿಗೆ ಕಾಣುವುದೆಲ್ಲ ಮುಗಿದ ಮೇಲೆ ಉಪಕರಣಗಳನ್ನೇ ನಂಬಬೇಕಾಗುತ್ತದೆ. ಹಾಗೆ ನಂಬುವ ಮೊದಲು, ಆ ಉಪಕರಣ ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿದಿರಬೇಕು.

ನಮಗೆ ವಹಿಸಿದ್ದ ಬ್ಲಾಕ್ ಪಟ್ಟಿಯ ಹೊರಅಂಚಿನಲ್ಲಿತ್ತು. ಐಪಿ ಸರ್ವೆಯಲ್ಲಿ ಒಂದು ಕಡೆ ಚಾರ್ಜೆಬಿಲಿಟಿ (ವಿದ್ಯುತ್ ನಿಲ್ಲಿಸಿದ ಮೇಲೂ ಶಿಲೆ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿಡುವ ಗುಣ) ಬಹಳ ಹೆಚ್ಚು ಮತ್ತು ರೆಸಿಸ್ಟಿವಿಟಿ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಬಹಳ ಕಡಿಮೆ ಬಂದಿತ್ತು. ಕಚೇರಿಯವರು ಅದನ್ನೇ ಮೊದಲ ಗುರಿಯೆಂದು ನಿಗದಿ ಮಾಡಿ, ಆ ಅನಾಮಲಿ (ಸುತ್ತಲಿಗಿಂತ ಬೇರೆಯಾಗಿ ಕಂಡ ಭಾಗ) ಮುಗಿಯುವ ಆಳಕ್ಕೇ ಹೋಲ್‌ನ ಕೊನೆಯನ್ನೂ ಬರೆದು ಕಳುಹಿಸಿದರು. ತಾಮ್ರದ ಪ್ರದೇಶದಲ್ಲಿ ಕೆಲಸ ಕಲಿತವರಿಗೆ ಇದು ಸಹಜವಾದ ನಿರ್ಧಾರವೆಂದೇ ಅನ್ನಿಸುತ್ತದೆ. ನಾನು ವಿದ್ಯಾರ್ಥಿಯಾಗಿ ಕೋರ್ (ಹೋಲ್‌ನಿಂದ ಮೇಲೆ ತೆಗೆಯುವ ಕಂಬದಾಕಾರದ ಕಲ್ಲು) ನೋಡಲು ಕಲಿತದ್ದು ಚಿತ್ರದುರ್ಗದ ಇಂಗಳದಾಳಿನಲ್ಲಿ. ಅಲ್ಲಿನ ಮುಖ್ಯ ಅದಿರು ಖನಿಜವಾದ ಚಾಲ್ಕೋಪೈರೈಟ್ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ, ಚಾರ್ಜೆಬಿಲಿಟಿಯನ್ನೂ ಕೊಡುತ್ತದೆ. ಸತುವಿನ ಅದಿರಾದ ಸ್ಫಾಲರೈಟ್ ಹಾಗಲ್ಲ. ಕಬ್ಬಿಣದ ಅಂಶ ಕಡಿಮೆಯಿರುವ ಸ್ಫಾಲರೈಟ್ ಹೆಚ್ಚುಕಡಿಮೆ ನಿರೋಧಕ. ಅದರ ಜೊತೆಯಲ್ಲಿ ಗೆಲೀನಾ (ಸೀಸದ ಅದಿರು), ಪೈರೈಟ್ ಅಥವಾ ಪೈರೋಟೈಟ್ (ಎರಡೂ ಕಬ್ಬಿಣದ ಸಲ್ಫೈಡ್‌ಗಳು) ಸಾಕಷ್ಟಿಲ್ಲದಿದ್ದರೆ ಐಪಿ ನಕ್ಷೆಯಲ್ಲಿ ಅದು ಕಾಣಿಸುವುದೇ ಕಷ್ಟ. ಈ ಪಟ್ಟಿಯಲ್ಲಿ ಅದಿರಿನ ಪಕ್ಕದಲ್ಲೇ ಇರುವ ಗ್ರ್ಯಾಫೈಟ್ ಮೈಕಾ ಶಿಸ್ಟ್ (ಪದರಪದರವಾದ ಕಪ್ಪು ಶಿಲೆ) ಮಾತ್ರ, ಗ್ರ್ಯಾಫೈಟ್ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ, ಒಂದು ಕಣ ಸತುವೂ ಇಲ್ಲದೆ, ನಕ್ಷೆಯನ್ನು ಪೂರ್ತಿ ಕೆಂಪು ಮಾಡಬಲ್ಲದು.

ಹೋಲ್ ಆ ಶಿಸ್ಟಿಗೆ ಇಳಿದ ಮೇಲೆ ಕೆಲಸ ನಿಧಾನವಾಯಿತು. ಕೋರ್ ಪುಡಿಪುಡಿಯಾಗಿ ಬರುತ್ತಿತ್ತು, ರಿಕವರಿ (ಕೊರೆದ ಉದ್ದದಲ್ಲಿ ಕೈಗೆ ಸಿಕ್ಕ ಕೋರಿನ ಪಾಲು) ಇಳಿಯಿತು, ಕೋರ್ ಹಿಡಿಯುವ ಇನ್ನರ್ ಟ್ಯೂಬ್ ಮತ್ತೆ ಮತ್ತೆ ಜಾಮ್ ಆಗುತ್ತಿತ್ತು. ರಿಗ್ಗಿನ ಹುಡುಗರ ಕೈಗಳೆಲ್ಲ ಕಪ್ಪಾಗಿದ್ದವು. ಬಾಕ್ಸಿನಲ್ಲಿಟ್ಟ ಕೋರನ್ನು ತೊಳೆದಾಗ ನುಣುಪಾದ ಕಪ್ಪು ಪದರಗಳು, ಅವುಗಳ ನಡುವೆ ಅಲ್ಲಲ್ಲಿ ಪೈರೈಟಿನ ಎಳೆಗಳು ಕಂಡವು. ಅನಾಮಲಿ ಹೇಗೆ ಬಂತೆಂಬುದು ಅಷ್ಟರಲ್ಲೇ ಸ್ಪಷ್ಟವಾಗಿತ್ತು. ನಿಗದಿತ ಆಳ ಹತ್ತಿರವಾಗುತ್ತಿದ್ದಂತೆ ಕಚೇರಿಯಿಂದ ಫೋನ್ ಬಂತು. ಅನಾಮಲಿಯ ಮೂಲ ಸಿಕ್ಕಿದೆ, ಹೋಲ್ ಮುಚ್ಚಿ ರಿಗ್ಗನ್ನು ಮುಂದಿನ ಪಾಯಿಂಟಿಗೆ ಸಾಗಿಸಿ ಎಂಬುದು ಅವರ ಮಾತಿನ ಸಾರ.

ಅದೇ ಹೊತ್ತಿಗೆ ಮೇಲೆ ಬಂದ ರನ್ನಿನ (ಒಂದು ಬಾರಿಗೆ ಕೊರೆದು ತೆಗೆಯುವ ಕೋರಿನ ಉದ್ದ) ತುದಿಯಲ್ಲಿ ಕೋರಿನ ಬಣ್ಣ ಬದಲಾಗಿತ್ತು. ಕಪ್ಪು ಶಿಸ್ಟ್ ಮುಗಿದು ಬೂದುಬಿಳುಪಿನ, ಗಟ್ಟಿಯಾದ ಕ್ಯಾಲ್ಕ್–ಸಿಲಿಕೇಟ್ ಡಾಲೊಮೈಟ್ (ಸುಣ್ಣಕಲ್ಲಿನ ಜಾತಿಯ ಶಿಲೆ) ಶುರುವಾಗಿತ್ತು. ಈ ಪಟ್ಟಿಯ ಗಣಿಗಳಲ್ಲಿ ಅದಿರನ್ನು ಹೊತ್ತಿರುವ ಮುಖ್ಯ ಶಿಲೆಗಳಲ್ಲಿ ಅದೂ ಒಂದು. ಎರಡು ಶಿಲೆಗಳು ಸೇರುವ ಸಂಪರ್ಕರೇಖೆಯನ್ನು ದಾಟಿ ಅಂಥ ಶಿಲೆಯ ಬಾಗಿಲಲ್ಲಿ ನಿಂತು ಹೋಲನ್ನು ಮುಚ್ಚಲು ನನಗೆ ಮನಸ್ಸು ಒಪ್ಪಲಿಲ್ಲ. ಡಾಲೊಮೈಟಿನೊಳಗೆ ಇನ್ನು ಕೆಲವು ರನ್‌ಗಳಿಗೆ ಅನುಮತಿ ಕೊಡಿ ಎಂದು ಕೇಳಿದೆ. ನಕ್ಷೆಯಲ್ಲಿ ಆ ಆಳದಲ್ಲಿ ಏನೂ ಇಲ್ಲವಲ್ಲ ಎಂಬ ಉತ್ತರ ಬಂತು. ಆ ಆಳದಲ್ಲಿ ನಕ್ಷೆಗೆ ಏನೂ ಕಾಣುತ್ತಿಲ್ಲ ಎಂದಷ್ಟೇ ಹೇಳಬಹುದು, ಮೇಲಿರುವ ಗ್ರ್ಯಾಫೈಟ್ ಅದರ ಕೆಳಗಿನದನ್ನು ಮರೆಮಾಡುತ್ತದೆ ಎಂದು ವಿವರಿಸಿದೆ. ಯೋಚಿಸಿ ಹೇಳುತ್ತೇವೆ ಎಂದು ಫೋನ್ ಇಟ್ಟರು.

ಕಾಯುವ ಆ ಸಮಯ ಬಹಳ ಭಾರವಾಗಿತ್ತು. ರಿಗ್ ಸುಮ್ಮನೆ ನಿಂತರೆ ಅದರ ಬಾಡಿಗೆ ಏರುತ್ತಲೇ ಇರುತ್ತದೆ, ಶಿಸ್ಟಿನ ಭಾಗ ಕುಸಿದರೆ ರಾಡ್‌ಗಳೇ ಸಿಕ್ಕಿಬೀಳುತ್ತವೆ. ಶಿಫ್ಟಿನ ಮೇಸ್ತ್ರಿ ಹತ್ತಿರ ಬಂದು, “ಸಾಹೇಬರೇ, ಹೋಲ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೊರೆಯುವುದಾದರೆ ಈಗಲೇ ಹೇಳಿ, ಇಲ್ಲವಾದರೆ ರಾಡ್ ಎಳೆಯೋಣ” ಎಂದರು. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಅಷ್ಟರಲ್ಲಿ ಒಪ್ಪಿಗೆ ಬಂತು, ಆದರೆ ಎರಡೇ ರನ್‌ಗಳಿಗೆ.

ಮೊದಲ ರನ್ನಿನಲ್ಲಿ ಬರಿಯ ಡಾಲೊಮೈಟ್ ಬಂತು. ಎರಡನೆಯದರಲ್ಲಿ ಜೇನಿನ ಬಣ್ಣದ ತೆಳುವಾದ ಪಟ್ಟೆಗಳು ಕಂಡವು. ತೇವವಿರುವ ಕೋರಿನಲ್ಲಿ ಅಂಥ ಬಣ್ಣವನ್ನು ಗಾರ್ನೆಟ್ ಎಂದೋ ಕಂದು ಕಾರ್ಬೊನೇಟ್ ಎಂದೋ ಬರೆದು ಮುಂದೆ ಹೋಗುವುದು ಬಹಳ ಸುಲಭ. ಚಾಕುವಿನಿಂದ ಗೀರಿದೆ. ಮಾಸಲು ಹಳದಿ ಪುಡಿ ಉದುರಿತು, ಗಾರ್ನೆಟ್ ಚಾಕುವಿಗೆ ಗೀರುಬೀಳದಷ್ಟು ಗಟ್ಟಿ, ಆದ್ದರಿಂದ ಅದಲ್ಲ. ಪುಡಿಯ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ಮೂಗಿನ ಹತ್ತಿರ ಹಿಡಿದಾಗ ಗಂಧಕವಿರುವ ಸ್ಫಾಲರೈಟ್ ಕೊಡುವಂಥ ಕೊಳೆತ ಮೊಟ್ಟೆಯ ವಾಸನೆ ಬಂತು. ಡಾಲೊಮೈಟಿನ ಪುಡಿ ನೊರೆ ಕೊಡುತ್ತದೆ, ಆದರೆ ವಾಸನೆ ಕೊಡುವುದಿಲ್ಲ. ಪೈರೋಟೈಟ್ ಕೂಡ ಇದೇ ವಾಸನೆ ಕೊಡಬಲ್ಲದಾದ್ದರಿಂದ ಪೆನ್ ಮ್ಯಾಗ್ನೆಟ್ ಹಿಡಿದು ನೋಡಿದೆ, ಎಳೆಯಲಿಲ್ಲ. ನಮ್ಮ ಸರ್ವೆಯ ನಕ್ಷೆ ತಿಳಿ ನೀಲಿಯಲ್ಲಿ ತೋರಿಸಿದ್ದ ಜಾಗದಲ್ಲಿ ಸ್ಫಾಲರೈಟ್ ಇತ್ತು.

ಅದು ಗಣಿ ಮಾಡುವಷ್ಟು ದಪ್ಪದ ಪದರವಾಗಿರಲಿಲ್ಲ, ಅಷ್ಟು ದಪ್ಪವಿತ್ತೆಂದು ನಾನು ಯಾರಿಗೂ ಹೇಳಿಲ್ಲ. ಆದರೆ ಹುಡುಕಾಟ ಯಾವ ಸಂಪರ್ಕರೇಖೆಯ ಉದ್ದಕ್ಕೆ ಸಾಗಬೇಕೆಂಬುದನ್ನು ಆ ಪಟ್ಟೆಗಳು ತೋರಿಸಿದವು. ಎರಡು ರನ್‌ಗಳ ಮೊದಲೇ ಹೋಲ್ ಮುಚ್ಚಿದ್ದರೆ, “ಗ್ರ್ಯಾಫೈಟ್, ಅದಿರಿಲ್ಲ” ಎಂಬ ಒಂದು ಸಾಲು ವರದಿಯಲ್ಲಿ ಉಳಿದು, ಆ ಬ್ಲಾಕಿನ ಕಡೆ ವರ್ಷಗಟ್ಟಲೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಗಣಿ ಪ್ರದೇಶಗಳ ಸುತ್ತ ಹೀಗೆ ಅವಸರದಲ್ಲಿ ಮುಚ್ಚಿದ ಹೋಲ್‌ಗಳು ಕೊರೆಯದ ನೆಲಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗ್ರ್ಯಾಫೈಟನ್ನೂ ಅದಿರನ್ನೂ ಬೇರ್ಪಡಿಸಿ ನೋಡಲು ದಾರಿ ಇಲ್ಲದಿಲ್ಲ. ನೀರಿನದು 1 ಎಂದುಕೊಂಡರೆ ಗ್ರ್ಯಾಫೈಟಿನ ಸಾಂದ್ರತೆ ಸುಮಾರು 2.2, ಡಾಲೊಮೈಟಿನದು 2.85, ಸ್ಫಾಲರೈಟಿನದು 4, ಗೆಲೀನಾದ್ದು 7.5. ವಿದ್ಯುತ್ತಿಗೆ ಒಂದೇ ರೀತಿ ಕಾಣುವ ಎರಡು ಗುರಿಗಳು ಗುರುತ್ವದ ಸಣ್ಣ ಏರಿಳಿತವನ್ನು ಅಳೆಯುವ ಗ್ರಾವಿಟಿ ಮೀಟರಿಗೆ ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಅದು ತಾಳ್ಮೆ ಬೇಡುವ ಕೆಲಸ. ಆಳದಲ್ಲಿರುವ ಅದಿರಿನ ಸುಳಿವು ಹಲವು ಬಾರಿ ಒಂದು ಮಿಲಿಗ್ಯಾಲ್‌ಗಿಂತ (ಗುರುತ್ವದ ಅತಿ ಸಣ್ಣ ಅಳತೆಮಾನ) ಕಡಿಮೆ ಇರುತ್ತದೆ, ಅಳತೆ ಮಾಡುವ ಸ್ಟೇಷನ್ನಿನ ಎತ್ತರದಲ್ಲಿ ಒಂದು ಮೀಟರ್ ತಪ್ಪಾದರೆ ಲೆಕ್ಕದಲ್ಲಿ ಸುಮಾರು 0.2 ಮಿಲಿಗ್ಯಾಲ್ ತಪ್ಪಾಗುತ್ತದೆ. ಶಿಸ್ಟಿನ ಪಕ್ಕದ ಡಾಲೊಮೈಟ್ ತಾನೇ ಭಾರವಾದ್ದರಿಂದ ಅದರ ಪಾಲನ್ನೂ ಕಳೆಯಬೇಕು. ಎತ್ತರವನ್ನು ನಿಖರವಾಗಿ ಅಳೆಯುವ ಲೆವೆಲಿಂಗ್ ತಂಡಕ್ಕೆ ಹಣ ಕೇಳಿದಾಗಲೆಲ್ಲ ಅದು ಅನಗತ್ಯ ಖರ್ಚೆಂದು ತಿರಸ್ಕಾರವಾಗುತ್ತದೆ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಡ್ರಿಲ್ಲಿಂಗಿಗೆ ಒಂದೇ ಸಭೆಯಲ್ಲಿ ಒಪ್ಪಿಗೆ ಸಿಗುತ್ತದೆ. ಈ ಕ್ರಮ ಬದಲಾಗಲೇಬೇಕು.

ಇದಕ್ಕಿಂತ ಮೊದಲು ಆಗಬೇಕಾದ ಕೆಲಸಕ್ಕೆ ಖರ್ಚು ಬಹಳ ಕಡಿಮೆ. ಹಳೆಯ ಗಣಿ ಪ್ರದೇಶದಲ್ಲಿ ಹುಡುಕುವವರಿಗೆ ಹೊಸ ನೆಲದವರಿಗಿಲ್ಲದ ಒಂದು ಆಸ್ತಿ ಇದೆ, ಅದು ಹಳೆಯ ಕೋರ್. ಗೊತ್ತಿರುವ ಅದಿರಿನ ತುಂಡು, ಗ್ರ್ಯಾಫೈಟ್ ಶಿಸ್ಟಿನ ತುಂಡು, ಬರಿಯ ಡಾಲೊಮೈಟಿನ ತುಂಡು ಇವುಗಳ ಚಾರ್ಜೆಬಿಲಿಟಿ, ರೆಸಿಸ್ಟಿವಿಟಿ ಮತ್ತು ಸಾಂದ್ರತೆಯನ್ನು ಮೇಜಿನ ಮೇಲೆ ಅಳೆದು ನೋಡಿದರೆ, ಯಾವ ಸರ್ವೆ ಇಲ್ಲಿ ಯಾವುದನ್ನು ತೋರಿಸಬಲ್ಲದು ಎಂಬುದು ಹೊಲಕ್ಕೆ ಕಾಲಿಡುವ ಮೊದಲೇ ತಿಳಿಯುತ್ತದೆ. ಕೋರ್ ಶೆಡ್ಡುಗಳಲ್ಲಿ ಗೆದ್ದಲು ಹತ್ತಿ ಮುರಿದ ಬಾಕ್ಸುಗಳು, ಅಳಿಸಿಹೋದ ಆಳದ ಗುರುತುಗಳು, ಕಸವೆಂದು ಹೊರಗೆ ಸುರಿದ ಕೋರಿನ ರಾಶಿ ಇವನ್ನು ಕಂಡಾಗ ನನಗೆ ಆಗುವ ಸಂಕಟ ಸಣ್ಣದಲ್ಲ.

ಹೊಸದಾಗಿ ಗುರುತು ಹಾಕಿರುವ ಆ ಹೋಲಿನ ಬಗ್ಗೆ ನಾನು ಲಿಖಿತವಾಗಿ ಎರಡು ಬೇಡಿಕೆ ಸಲ್ಲಿಸಿದ್ದೇನೆ. ಕೊರೆಯುವ ಮುನ್ನ ಆ ಜಾಗಕ್ಕೆ ಅಡ್ಡಲಾಗಿ ಒಂದು ಗ್ರಾವಿಟಿ ಲೈನ್ (ಸಾಲಾಗಿ ಗುರುತ್ವದ ಅಳತೆ) ಆಗಬೇಕು. ಹೋಲಿನ ಕೊನೆಯನ್ನು ಅನಾಮಲಿಯ ತಳಕ್ಕೆ ನಿಗದಿ ಮಾಡದೆ, ಡಾಲೊಮೈಟನ್ನು ಪೂರ್ತಿ ದಾಟಿ ಫುಟ್‌ವಾಲ್ (ಅದಿರಿನ ಕೆಳಗಿನ ಶಿಲೆ) ಮುಟ್ಟುವವರೆಗೆ ಎಂದು ಆದೇಶದಲ್ಲೇ ಬರೆಯಬೇಕು.