ಅಂಕ ಆಮೇಲೆ, ಟಿಪ್ಪಣಿ ಮೊದಲು

ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಠ ಮಾಡುವುದಕ್ಕಿಂತ ರೆಕಾರ್ಡ್, ಅಂದರೆ ಮಕ್ಕಳು ಪ್ರಯೋಗ ಬರೆದಿಡುವ ಪುಸ್ತಕ, ತಿದ್ದುವುದೇ ಜಾಸ್ತಿ.

ತಿದ್ದಿದ ರೆಕಾರ್ಡ್ ಕೈಗೆ ಬಂದ ಕೂಡಲೇ ಮಕ್ಕಳು ಏನು ಮಾಡುತ್ತಾರೆ ನೋಡಿ. ಹತ್ತಕ್ಕೆ ಎಷ್ಟು ಬಂತು ಅಂತ ನೋಡುತ್ತಾರೆ, ಪಕ್ಕದವರದ್ದನ್ನು ಇಣುಕುತ್ತಾರೆ, ಬ್ಯಾಗಿಗೆ ತುರುಕುತ್ತಾರೆ. ಅಂಚಿನಲ್ಲಿ ನಾವು ಬರೆದದ್ದು ಹಾಗೇ ಉಳಿಯುತ್ತದೆ. ಇದನ್ನು ಸೋಮಾರಿತನ ಅಂತ ಬೈದು ಪ್ರಯೋಜನವಿಲ್ಲ. 1988ರಲ್ಲಿ ರುತ್ ಬಟ್ಲರ್ ಎಂಬ ಸಂಶೋಧಕಿ ಶಾಲಾ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಉಳಿದವರಿಗೆ ಎರಡೂ. ಬರೀ ಟಿಪ್ಪಣಿ ಸಿಕ್ಕವರ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರು ಹೆಚ್ಚುಕಡಿಮೆ ಬರೀ ಅಂಕ ಸಿಕ್ಕವರ ಹಾಗೇ ಆದರು. ಅಂದರೆ ಅಂಕದ ಪಕ್ಕದಲ್ಲಿ ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ!

ಅದಕ್ಕೇ ನಾನು ರೆಕಾರ್ಡನ್ನು ಮೊದಲು ಅಂಕವಿಲ್ಲದೆ ವಾಪಸ್ ಕೊಡುತ್ತೇನೆ. ಅಂಕ ನನ್ನ ಬಳಿ ಇರುತ್ತದೆ, ತಿದ್ದಿ ತಂದ ಮೇಲೆ ಹೇಳುತ್ತೇನೆ. ತಿದ್ದುವುದಕ್ಕೆ ಲ್ಯಾಬ್ ಸಮಯದಲ್ಲೇ ಹದಿನೈದು ನಿಮಿಷ ಬಿಡುತ್ತೇನೆ. ಮನೆಯಲ್ಲಿ ಮಾಡಿ ಅಂದರೆ ಯಾರೂ ಮಾಡುವುದಿಲ್ಲ, ಗೊತ್ತಿರುವ ವಿಷಯವೇ ಅಲ್ವಾ?

ಇನ್ನು ಟಿಪ್ಪಣಿ ಬರೆಯುವ ರೀತಿ. ಪೆಂಡುಲಮ್ ಪ್ರಯೋಗವನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು 20 ಆಂದೋಲನಗಳ (ಗುಂಡು ಒಮ್ಮೆ ಹೋಗಿ ಬಂದರೆ ಒಂದು ಆಂದೋಲನ) ಸಮಯವನ್ನು ಮೂರು ಸಲ ಅಳೆದು, ಸರಾಸರಿ ತೆಗೆದು, ಒಂದು ಆಂದೋಲನಕ್ಕೆ 1.9826667 ಸೆಕೆಂಡ್ ಅಂತ ಬರೆದಿದ್ದಳು. ಕ್ಯಾಲ್ಕುಲೇಟರ್ ತೋರಿಸಿದ್ದನ್ನೆಲ್ಲ ಹಾಗೇ ಇಳಿಸಿದ್ದು. 'ಅಜಾಗರೂಕತೆ' ಅಂತ ಗೀಚಬಹುದು. ಅವಳಿಗೆ ಬೇಜಾರಾಗುತ್ತದೆ, ಏನು ಮಾಡಬೇಕು ಅಂತ ತಿಳಿಯುವುದಿಲ್ಲ. '1.98 ಅಂತ ಬರೆ' ಅನ್ನಬಹುದು. ಬರೆಯುತ್ತಾಳೆ, ಮುಂದಿನ ಪ್ರಯೋಗದಲ್ಲಿ ಮತ್ತೆ ಎಂಟು ಅಂಕಿ. ನಾನು ಬರೆದದ್ದು ಇಷ್ಟು: 'ಸ್ಟಾಪ್‌ವಾಚ್ ಒತ್ತುವಾಗ ನಿನ್ನ ಬೆರಳು ಸುಮಾರು 0.2 ಸೆಕೆಂಡ್ ಹೆಚ್ಚುಕಡಿಮೆ ಮಾಡಬಹುದು. ಅದನ್ನು 20ರಿಂದ ಭಾಗಿಸಿ ನೋಡು. ಇದರಲ್ಲಿ ಎಷ್ಟು ಅಂಕಿ ನಂಬಬಹುದು?' ಭಾಗಿಸಿದರೆ 0.01. ಎರಡನೇ ದಶಾಂಶದ ಆಚೆ ಇರುವುದೆಲ್ಲ ಸುಮ್ನೆ ಅಂತ ಅವಳೇ ಕಂಡುಕೊಂಡಳು. ಒಂದಲ್ಲ ಇಪ್ಪತ್ತು ಆಂದೋಲನ ಯಾಕೆ ಅಳೆಯುತ್ತೇವೆ ಅನ್ನುವುದೂ ಹೊಳೆಯಿತು, ಅದನ್ನು ನಾನು ಕೇಳಿರಲೇ ಇಲ್ಲ.

ಹೊಗಳಿಕೆಗೂ ಇದೇ ಮಾತು. 'ನೀನು ಬುದ್ಧಿವಂತೆ' ಅಂದರೆ ಗಮನ ಕೆಲಸ ಬಿಟ್ಟು ತನ್ನ ಮೇಲೆ ಹೋಗುತ್ತದೆ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಫಲಿತಾಂಶ ಇನ್ನೂ ಕೆಳಗಿಳಿದಿತ್ತು. ಗಮನ ಕೆಲಸದಿಂದ ತನ್ನ ಕಡೆ ತಿರುಗಿದಷ್ಟೂ ಪರಿಣಾಮ ಕಮ್ಮಿ ಅನ್ನುವುದು ಅವರ ವಿವರಣೆ. ನನಗೂ ಹಾಗೇ ಅನ್ನಿಸುತ್ತದೆ. 'ಮೂರೂ ಅಳತೆ ಬೇರೆ ಬೇರೆ ಬಂದಿದ್ದನ್ನು ಮುಚ್ಚಿಡದೆ ಬರೆದಿದ್ದೀಯ, ಒಳ್ಳೆಯದು' ಅಂದರೆ ಮುಂದಿನ ಸಲವೂ ಮುಚ್ಚಿಡುವುದಿಲ್ಲ.

ಅಂಕ ಹಾಕುವಾಗ ಹೆಸರು ನೋಡುವುದಿಲ್ಲ. ಪರೀಕ್ಷೆ ಪೇಪರಾದರೆ ಎಲ್ಲರ ಮೊದಲ ಪ್ರಶ್ನೆ ಮುಗಿಸಿ ಆಮೇಲೆ ಎರಡನೆಯದು. ಮೊದಲ ಉತ್ತರ ಚೆನ್ನಾಗಿದ್ದರೆ ಉಳಿದದ್ದಕ್ಕೂ ಕೈ ಸಡಿಲವಾಗುತ್ತದೆ, ಅದನ್ನು ತಪ್ಪಿಸಲು.

ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಪ್ರಶ್ನೆ ಕೇಳಿ ಮೂರು ಸೆಕೆಂಡ್ ಬಾಯಿ ಮುಚ್ಚಿ ಕೂರುವುದು ನನಗೆ ಇವತ್ತಿಗೂ ಕಷ್ಟ. ಕೂತರೆ ಉತ್ತರ ಉದ್ದವಾಗುತ್ತದೆ, ಅದಂತೂ ನಿಜ.

ಎಲ್ಲವನ್ನೂ ಸರಿ ಮಾಡಿದವರಿಗೂ ಬರೀ ಟಿಕ್ ಸಾಕಾಗುವುದಿಲ್ಲ. ಅವರಿಗೂ ಒಂದು ಪ್ರಶ್ನೆ: 'ಗುಂಡನ್ನು ಇನ್ನೂ ದೂರ ಎಳೆದು ಬಿಟ್ಟರೆ ಸಮಯ ಬದಲಾಗುತ್ತದಾ? ಅಳೆದು ತೋರಿಸು.' 'ಸರ್, ನಂದು ಸರಿ ಇದೆಯಲ್ಲ, ಮತ್ತೆ ಯಾಕೆ?' ಅಂತ ಗೊಣಗುತ್ತಾರೆ. ಗೊಣಗಿಕೊಂಡೇ ಪೆಂಡುಲಮ್ ಕಟ್ಟುತ್ತಾರೆ.