ಕೆಂಚನ ಬೆಲ್ಟು: ನಾಲ್ಕು ವಾರದ ಕೆಲಸ

ಮೊದಲ ವಾರ

ಮಂಡಿಪೇಟೆಯಲ್ಲಿ ಸಾಮಾನು ಕಟ್ಟಿಸುತ್ತಿದ್ದೆ. ಪಕ್ಕದ ಮನೆ ಅಜ್ಜಿ ಫೋನು: "ನಿಮ್ ನಾಯಿ ಕಿಟಕಿಗೆ ಸಿಕ್ಕಾಕ್ಕೊಂಡು ಒದ್ದಾಡ್ತಾ ಐತಪ್ಪ, ಬೇಗ ಬಾ." ಬೆಲ್ಟಿಗೆ ನೇತುಬಿಟ್ಟಿದ್ದ ಬಿಲ್ಲೆಯ ಕೊಂಡಿ ಗ್ರಿಲ್ಲಿನ ಹೂವಿನೊಳಗೆ ಹೊಕ್ಕಿತ್ತು. ಹಿಂಗಾಲು ದಿವಾನಕ್ಕೆ ಎಟುಕುತ್ತಿದ್ದುದರಿಂದ ಕೆಂಚ ಉಳಿದ. ಬಕಲ್ ಬಿಚ್ಚಬೇಕಾದರೆ ಬೆಲ್ಟನ್ನು ಮೊದಲು ಇನ್ನಷ್ಟು ಬಿಗಿ ಎಳೆಯಬೇಕಲ್ಲ, ಆಗಲೇ ಬಿಗಿದಿರುವ ಕೊರಳಲ್ಲಿ ಅದು ಆಗುವ ಮಾತಲ್ಲ. ಒಂದು ಕೈಲಿ ಅವನ ಸೊಂಟ ಎತ್ತಿ ಹಿಡಿದು, ಇನ್ನೊಂದು ಕೈಲಿ ಕತ್ತರಿ ಹಾಕಿದೆ.

ಎರಡನೇ ವಾರ

ಜಗ್ಗಿದರೆ ತಾನೇ ಬಿಚ್ಚುವ ಬೆಲ್ಟು ಮಾಡೋಣ ಅಂತ ಹಳೇ ಪಟ್ಟಿಗೆ ವೆಲ್ಕ್ರೋ ಹೊಲಿದೆ. ಬಟ್ಟೆ ಒಣಹಾಕುವ ಕೊಕ್ಕೆಗೆ ಕಟ್ಟಿ, ಕೆಳಗೆ ನೀರಿನ ಕ್ಯಾನು ತೂಗುಹಾಕಿದೆ. 2 ಇಂಚು ಅಂಟಿಸಿದ್ದು 10 ಲೀಟರ್ ನೀರಿಗೂ ಬಿಡಲಿಲ್ಲ. ತುದಿ ಹಿಡಿದು ಸುಲಿದರೆ ಬೆರಳಿಗೇ ಬರುವ ವೆಲ್ಕ್ರೋ, ಉದ್ದಕ್ಕೆ ಜಗ್ಗಿದರೆ ಹಟ ಹಿಡಿಯುತ್ತದೆ. 1 ಇಂಚಿಗೆ ಇಳಿಸಿದೆ, ಕೆಂಚ ಕಿವಿ ಕೆರೆದುಕೊಂಡಾಗಲೇ ಕಳಚಿಬಿತ್ತು! ಇಂಥ ಬೆಲ್ಟಿಗೆ ಚೈನು ಹಾಕುವಂತೆಯೂ ಇಲ್ಲ, ರಸ್ತೆಯಲ್ಲಿ ಒಂದು ಎಳೆತಕ್ಕೆ ನಾಯಿ ಕೈತಪ್ಪುತ್ತದೆ. ಪ್ರಯೋಗ ಇಲ್ಲಿಗೆ ಬಂದ್. ಮನೆಯೊಳಗೆ ಬರಿಗೊರಳು. ಬೆಲ್ಟಿನಡಿ ಒದ್ದೆಯಾಗಿ ಉದುರಿದ್ದ ಕೂದಲು ಈಗ ಮತ್ತೆ ಚಿಗುರುತ್ತಿದೆ, ಅದೊಂದು ಲಾಭ.

ಮೂರನೇ ವಾರ

ಹೊರಗೆ ಹೋಗುವಾಗಿನ ಬೆಲ್ಟಿಗೆ ನೇತಾಡುವ ಬಿಲ್ಲೆ ಬೇಡ. ಸ್ಟೀಲ್ ಪಾತ್ರೆ ಅಂಗಡಿಯಲ್ಲಿ, ಮುಯ್ಯಿ ಕೊಡುವ ತಟ್ಟೆಗೆ ಹೆಸರು ಹಾಕುವ ಮಷೀನಿನಲ್ಲೇ ಹಿತ್ತಾಳೆ ಪಟ್ಟಿಯ ಮೇಲೆ ಮೊಬೈಲ್ ನಂಬರ್ ಬರೆಸಿದೆ. "ನಾಯಿ ಹೆಸರು ಬ್ಯಾಡೇನ್ರೀ?" ಅಂದ. ಕದಿಯುವವನಿಗೆ ಕರೆಯಲು ಸಲೀಸು, ಬೇಡ ಅಂದೆ. ಚಪ್ಪಲಿ ಹೊಲಿಯುವವರು ಎರಡು ರಿವೆಟ್ ಹೊಡೆದು ಚಪ್ಪಟೆಯಾಗಿ ಕೂರಿಸಿಕೊಟ್ಟರು. ಕೊರಳಿಗೂ ಬೆಲ್ಟಿಗೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲ.

ನಾಲ್ಕನೇ ವಾರ

ಬರಿಗೊರಳಲ್ಲೇ ಗೇಟು ದಾಟಿದರೆ? ಅದಕ್ಕೆ ಮೈಕ್ರೋಚಿಪ್. ಅಕ್ಕಿಕಾಳಿಗಿಂತ ಒಂಚೂರು ದಪ್ಪ, ಹೆಗಲುಗಳ ನಡುವೆ ಚರ್ಮದಡಿಗೆ ಡಾಕ್ಟರು ಸೂಜಿಯಲ್ಲೇ ಹಾಕಿದರು. ಕೆಂಚ ಒಮ್ಮೆ ಕುಂಯ್ ಅಂದ, ಅಷ್ಟೆ. ಬೀದಿಯವರೆಲ್ಲ ಇದನ್ನು ಜಿಪಿಎಸ್ ಅಂದುಕೊಂಡಿದ್ದಾರೆ. ಅದರಲ್ಲಿ ಬ್ಯಾಟರಿಯೇ ಇಲ್ಲ, ಇರುವುದು 15 ಅಂಕಿಯ ಒಂದು ನಂಬರ್. ಸ್ಕ್ಯಾನರ್ ಹತ್ತಿರ ಹಿಡಿದಾಗ ಮಾತ್ರ ಕಾಣುತ್ತದೆ, ಆ ನಂಬರಿನ ಜೊತೆ ನಮ್ಮ ಮೊಬೈಲ್ ನೋಂದಣಿಯಾಗಿರಬೇಕು. ಹಾಕಿದ ಮೇಲೆ ಅಲ್ಲೇ ಸ್ಕ್ಯಾನ್ ಮಾಡಿಸಿ, ಲಸಿಕೆ ಪುಸ್ತಕದಲ್ಲಿ ಬರೆಸಿಕೊಂಡೆ. ಕೆಂಚನ ಎಡಗಿವಿ ತುದಿ ಮೊದಲೇ ಕತ್ತರಿಸಿದ್ದಾರೆ. ಅದು ಅವನು ಬೀದಿಯಲ್ಲಿದ್ದಾಗ ಸಂತಾನಹರಣ ಆಪರೇಷನ್ ಆದ ಗುರುತು. ಕಂಡವರು ಬೀದಿನಾಯಿ ಅಂತಲೇ ಸುಮ್ಮನಾಗುತ್ತಾರೆ, ಸ್ಕ್ಯಾನರ್ ಇರುವ ಡಾಕ್ಟರ ಬಳಿ ಯಾರು ಒಯ್ದಾರು? ಹಾಗಾಗಿ ದೀಪಾವಳಿ ಪಟಾಕಿಗೆ ಬೆದರಿ ಓಡಬಹುದಾದ ಮೂರು ದಿನ ಮಾತ್ರ, ನಾವು ಕಣ್ಣೆದುರಿಗಿದ್ದಾಗ, ಮನೆಯೊಳಗೂ ಬೆಲ್ಟು.

ಬೆಲ್ಟು ಈಗ ಬಾಗಿಲ ಮೊಳೆಯಲ್ಲಿದೆ. ಮೊಳೆಯತ್ತ ಕೈ ಹೋದರೆ ಸಾಕು, ಕುಂದವಾಡ ಕೆರೆಗೆ ಅಂತ ಕೆಂಚ ಕುಣಿಯುತ್ತಾನೆ. ಭಾನುವಾರ ಗ್ರಿಲ್ಲಿಗೆ ಜಾಲರಿ ಹೊಡೆಯುವುದಿದೆ.