ರೇಷನ್ ಚೀಲದ ರಾಗಿ

ಇವತ್ತು ರೇಷನ್ ರಾಗಿ ತಂದೆ. ಅಮ್ಮ ಮೊರಕ್ಕೆ ಸುರಿದುಕೊಂಡು ಕೇರೋಕೆ ಕೂತಳು. ಹೊಟ್ಟೆಲ್ಲ ಹಾರಿ ಕೆಂಪು ಕಾಳು ಉಳೀತು. ಒಂದು ನನ್ನ ಬೆರಳಿಗೆ ಅಂಟಿಕೊಂಡಿತ್ತು. ಸಾಸಿವೆಯಷ್ಟೇ ಇದೆ.

ಅಷ್ಟು ಚಿಕ್ಕ ಕಾಳಿನಲ್ಲಿ ಏನಿದೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ!

ನಮ್ಮ ರಾಗಿಯನ್ನ ಆಫ್ರಿಕಾದ ರಾಗಿ ಜೊತೆ ಸಂಕರ ಮಾಡಿ ಇಂಡಾಫ್ ಅನ್ನೋ ರಾಗಿ ತಳಿ ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರು ನೆನಪಾದರು. ಎಷ್ಟು ಮನೆಗಳ ಕಣಜ ತುಂಬಿಸಿದ ಕೆಲಸ ಅದು, ಅಲ್ವಾ?

ರೇಷನ್ ಅಂಗಡಿ ಸಾಲಿನಲ್ಲಿ ಒಬ್ಬರು ರಾಗಿ ಬೇಡ ಅಂತ ಅಲ್ಲೇ ಬಿಟ್ಟು ಹೋದರು. ಮನಸ್ಸಿಗೆ ಕಸಿವಿಸಿಯಾಯ್ತು.

ಅಮ್ಮ ಎರಡು ಹಿಡಿ ನೆನೆಹಾಕಿದ್ದಾಳೆ. ಮೊಳಕೆ ಬಂದಮೇಲೆ ಪಕ್ಕದ ಮನೆ ಪಾಪುಗೆ ರಾಗಿ ಸರಿ.